ಟವೆಲಿನ ಅಡಿಯಲ್ಲಿ ಹೇಳಿದ ಸತ್ಯ

ನನ್ನ ಮೊಬೈಲಿಗೆ ಗುಡ್ ಮಾರ್ನಿಂಗ್ ಬರುವುದು ನಿಂತು ಬಹಳ ಕಾಲವಾಯಿತು. ಹೂವಿನ ಚಿತ್ರ, ಉದಯಿಸುವ ಸೂರ್ಯ, ಹಬ್ಬದ ಶುಭಾಶಯ, ಯಾವುದೂ ಇಲ್ಲ. ಕೆಲವು ಗ್ರೂಪುಗಳಿಂದ ನನ್ನನ್ನು ತೆಗೆದರು. ತೆಗೆಯಲು ಸಂಕೋಚಪಟ್ಟವರು ಹೊಸ ಗ್ರೂಪು ಮಾಡಿಕೊಂಡು ನನ್ನೊಬ್ಬನನ್ನೇ ಹಳೆಯದರಲ್ಲಿ ಬಿಟ್ಟುಹೋದರು. ನಮ್ಮ ಕುಟುಂಬದ ಹಳೆಯ ಗ್ರೂಪಿನಲ್ಲಿ ಈಗಲೂ ನಾನಿದ್ದೇನೆ. ಕೊನೆಯ ಸಂದೇಶ ನನ್ನದೇ: "ಇದು ಸುಳ್ಳು. ಮೂಲ ಚಿತ್ರ ಇಲ್ಲಿದೆ." ಅದರ ಕೆಳಗೆ ಯಾರೂ ಏನೂ ಬರೆದಿಲ್ಲ.

ಹರಿದಾಡುವ ಸುದ್ದಿ ನಿಜವೋ ಸುಳ್ಳೋ ಎಂದು ನೋಡುವ ಫ್ಯಾಕ್ಟ್ ಚೆಕ್ ಕೆಲಸಕ್ಕೆ ಹೊರಟಿರುವ ಹುಡುಗ ಹುಡುಗಿಯರು ಸಂಬಳದ ಮಾತಾಡುವ ಮೊದಲು ಇದನ್ನು ತಿಳಿದುಕೊಳ್ಳಬೇಕು. ಸುಳ್ಳು ಹಿಡಿಯುವುದು ಸುಲಭ. ಹಿಡಿದ ಮೇಲೆ ಅದನ್ನು ಎಲ್ಲಿ, ಯಾರ ಎದುರು ಇಡುತ್ತೀರಿ ಎಂಬುದರಲ್ಲಿ ಕೆಲಸವೆಲ್ಲ ಇರುವುದು. ನನಗೆ ಇದು ತಿಳಿಯುವಾಗ ತಡವಾಗಿತ್ತು. ನಿಮಗೆ ತಡವಾಗದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಓದಿ ಈ ಕೆಲಸಕ್ಕೆ ಬಂದವನಲ್ಲ. ಕಾರ್ಕಳದ ಕಡೆ ಕೋಣಗಳ ವ್ಯಾಪಾರ ಕುದುರಿಸುತ್ತಿದ್ದ ಬ್ರೋಕರ್ ಪದ್ದಣ್ಣನ ಹಿಂದೆ ತಿರುಗಿ ಮಾತು ಕಲಿತವನು. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು, ಕೈಯ ಮೇಲೆ ಟವೆಲ್ ಹಾಕಿಕೊಂಡು, ಅದರ ಅಡಿಯಲ್ಲಿ ಬೆರಳು ಮುಟ್ಟಿ ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಪದ್ದಣ್ಣ, "ಬಾಯಲ್ಲಿ ಹೇಳಿದ ದರ ಮತ್ತೆ ಇಳಿಸ್ಲಿಕ್ಕೆ ನಾಚಿಕೆ ಆಗ್ತದೆ ಮಾರಾಯ. ಬೆರಳಿಗೆ ಎಂತ ನಾಚಿಕೆ?" ಎಂದಿದ್ದ. ಅದು ನನ್ನ ಮೊದಲ ಪಾಠ. ಒಬ್ಬೊಬ್ಬನನ್ನೇ ಬದಿಗೆ ಕರೆ, ಮೆತ್ತಗೆ ಮಾತಾಡು, ಅವನ ಮರ್ಯಾದೆ ಉಳಿಸಿ ವ್ಯಾಪಾರ ಮುಗಿಸು. ಅದನ್ನು ನೆಚ್ಚಿಕೊಂಡೇ ಉಡುಪಿಯ ಒಂದು ಪತ್ರಿಕೆಗೆ ಜಾಹೀರಾತು ತರುವ ಕೆಲಸ ಹಿಡಿದೆ. ಸಂತೆಕಟ್ಟೆಯಿಂದ ಕಾಪುವಿನವರೆಗೆ ನಾನು ಹತ್ತದ ಅಂಗಡಿಯ ಮೆಟ್ಟಿಲು ಇರಲಿಲ್ಲ. ಎಲ್ಲರ ವ್ಯಾಪಾರ ಕುದುರಿಸಿದವನಿಗೆ ಮದುವೆಯ ವ್ಯಾಪಾರ ಮಾತ್ರ ಕುದುರಲಿಲ್ಲ. ಅದು ಬೇರೆ ವಿಷಯ.

ಪತ್ರಿಕೆಯವರು ಮಣಿಪಾಲದ ಕಚೇರಿಯಲ್ಲಿ ಫ್ಯಾಕ್ಟ್ ಚೆಕ್ ವಿಭಾಗ ಎಂದು ಒಂದು ಮೇಜು, ಎರಡು ಕುರ್ಚಿ ಹಾಕಿದಾಗ ವರದಿಗಾರರು ಯಾರೂ ಅಲ್ಲಿ ಕೂರಲು ಒಪ್ಪಲಿಲ್ಲ. ಸಂಪಾದಕರು ನನ್ನನ್ನು ಕರೆದರು.

"ಮನುಷ್ಯ ಸುಳ್ಳು ಹೇಳುವಾಗ ನಿಮಗೆ ಗೊತ್ತಾಗ್ತದಲ್ಲ, ಸದಾನಂದ?"

"ಸ್ವಲ್ಪ ಗೊತ್ತಾಗ್ತದೆ ಸಾರ್."

"ಗೊತ್ತಾಗ್ಲೇಬೇಕು. ಇಷ್ಟು ವರ್ಷ ಜಾಹೀರಾತು ವಿಭಾಗದಲ್ಲಿ ಇದ್ದವರಲ್ವಾ."

ಹೊಗಳಿದರೋ ತಿವಿದರೋ ಎಂದು ಯೋಚಿಸುವಷ್ಟರಲ್ಲಿ ಕುರ್ಚಿ ನನ್ನದಾಗಿತ್ತು.

ಆಗ ಕೆಲಸವೆಂದರೆ ಫೋನ್ ಮಾಡುವುದು. ಸುದ್ದಿ ಎಲ್ಲಿಯದೋ ಆ ಊರಿನ ಠಾಣೆಗೆ, ಆಸ್ಪತ್ರೆಗೆ, ಗುರುತಿನ ಅಂಗಡಿಯವನಿಗೆ ಫೋನ್. ಮುಂದೆ ಚಿತ್ರವನ್ನೇ ಕೊಟ್ಟು ಚಿತ್ರ ಹುಡುಕುವ ಸೌಕರ್ಯ ಬಂತು. ಈಗ ಯಂತ್ರವೇ ಚಿತ್ರ ಬರೆಯುತ್ತದೆ, ದನಿಯನ್ನೂ ಮಾಡುತ್ತದೆ. ಇದನ್ನೆಲ್ಲ ಕಲಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಇದರಿಂದ ನಿಮಗೆ ಸಿಗುವುದು ಚಿತ್ರ ಸುಳ್ಳು ಎಂಬ ಉತ್ತರ ಮಾತ್ರ. ಆ ಉತ್ತರ ಜನರ ನಡುವೆ ಬಿದ್ದಾಗ ಏನಾಗುತ್ತದೆ ಎಂದು ಯಾವ ಯಂತ್ರವೂ ಹೇಳುವುದಿಲ್ಲ.

ನನಗೆ ಅದನ್ನು ಮೊದಲು ಕಲಿಸಿದ್ದು ಮೊಸಳೆ. ಕಾಪು ಬೀಚಿನಲ್ಲಿ ಲೈಟ್‌ಹೌಸ್ ಬಂಡೆಯ ಬದಿಗೆ ಮೊಸಳೆ ಮಲಗಿದೆ ಎಂಬ ಒಂದು ವಿಡಿಯೊ ಯಾರೋ ಕಳಿಸಿದ್ದರು. ವಿಡಿಯೊ ಬೇರೆ ಯಾವುದೋ ದೇಶದ್ದು. ಹುಡುಕಿ ಹಿಡಿದ ಹುಮ್ಮಸ್ಸಿನಲ್ಲಿ ನಾವು ದೊಡ್ಡ ಅಕ್ಷರದಲ್ಲಿ ಹಾಕಿದೆವು: ಕಾಪು ಬೀಚಿನಲ್ಲಿ ಮೊಸಳೆ ಇಲ್ಲ. ಆ ಭಾನುವಾರ ಬೀಚಿನಲ್ಲಿ ಜನವೇ ಇರಲಿಲ್ಲ. ಚುರುಮುರಿ ಮಾರುವವನು ನನ್ನ ಸ್ಕೂಟರ್ ತಡೆದು ನಿಲ್ಲಿಸಿದ.

"ಸ್ವಾಮಿ, ಮೊಸಳೆ ಇಲ್ಲ ಅಂತ ಯಾಕೆ ಬರೆದದ್ದು?"

"ಇಲ್ಲದ್ದಕ್ಕೇ ಬರೆದದ್ದು."

"ಉಂಟು ಅಂತ ಇಲ್ಲಿ ಯಾರೂ ಹೇಳಿರ್ಲಿಲ್ಲ. ನೀವು ಇಲ್ಲ ಅಂದದ್ದಕ್ಕೆ ಈಗ ಎಲ್ಲರಿಗೂ ಸಂಶಯ. ನಾಳೆ ನನ್ನ ಚುರುಮುರಿಯಲ್ಲಿ ವಿಷ ಇಲ್ಲ ಅಂತ ಮಾತ್ರ ಬರೀಬೇಡಿ, ಕೈ ಮುಗೀತೇನೆ."

ಆ ವಾರವೇ ಐರಿನ್ ಮೇಡಂ ನಮ್ಮ ಕಚೇರಿಗೆ ಬಂದದ್ದು. ಸಂತೆಕಟ್ಟೆ ಹತ್ತಿರದ ಕೊಂಕಣಿ ಕ್ರಿಶ್ಚಿಯನ್ ಮನೆತನದವರು, ಮಣಿಪಾಲದಲ್ಲಿ ಪಾಠ ಹೇಳುತ್ತಿದ್ದರು. ಅವರ ವಿಷಯ ಗೇಮ್ ಥಿಯರಿ, ಎಂದರೆ ಎದುರಿನವನು ಏನು ಮಾಡಿಯಾನು ಎಂದು ಲೆಕ್ಕ ಹಾಕಿ ನಾವು ಏನು ಮಾಡಬೇಕೆಂದು ತೀರ್ಮಾನಿಸುವ ಗಣಿತ. ಜೊತೆಗೆ ಯಾರಿಗೆ ಏನು ಗೊತ್ತು, ಅವರಿಗೆ ಗೊತ್ತೆಂಬುದು ಇನ್ಯಾರಿಗೆ ಗೊತ್ತು ಎಂದು ಚಿತ್ರ ಬರೆದು ನೋಡುವ ತರ್ಕಶಾಸ್ತ್ರ. ಎರಡನ್ನೂ ಫ್ಯಾಕ್ಟ್ ಚೆಕ್ಕಿಗೆ ಹಚ್ಚಿ ನೋಡಬೇಕೆಂದು ನಮ್ಮ ಮೇಜನ್ನು ಹುಡುಕಿಕೊಂಡು ಬಂದಿದ್ದರು. ಮೊಸಳೆಯ ಕಥೆ ಕೇಳಿ ನಗಲಿಲ್ಲ. ಕಚೇರಿಯ ಎದುರಿನ ಚಹಾದ ಅಂಗಡಿಗೆ ಹೋಗಿ, ಬನ್ಸ್ ಕಟ್ಟಿಕೊಟ್ಟ ಕಾಗದದ ಮೇಲೆ ಎರಡು ಚುಕ್ಕೆ ಇಟ್ಟರು.

"ಇದೊಂದು ಲೋಕ, ಮೊಸಳೆ ಇರುವುದು. ಇದೊಂದು ಲೋಕ, ಮೊಸಳೆ ಇಲ್ಲದ್ದು. ನಿಮ್ಮ ಚುರುಮುರಿಯವನಿಗೆ ಮೊದಲು ಮೊಸಳೆಯ ಲೋಕವೇ ಇರಲಿಲ್ಲ. ನೀವು ಅದನ್ನು ತಂದು ಇಟ್ಟಿರಿ, ಆಮೇಲೆ ಅಳಿಸಿದಿರಿ. ಅಳಿಸಿದ ಗುರುತು ಉಳಿಯಿತು."

"ಹಾಗಾದರೆ ಸುಮ್ಮನೆ ಕೂರುವುದಾ ಮೇಡಂ?"

"ಎಷ್ಟು ಜನಕ್ಕೆ ಮುಟ್ಟಿದೆ ಅಂತ ನೋಡಿ. ಮುಟ್ಟಿದಲ್ಲಿಗೆ ಮಾತ್ರ ಔಷಧ ಕೊಡಿ. ಇಡೀ ಜಿಲ್ಲೆಗೆ ಯಾಕೆ ಸೂಜಿ ಚುಚ್ಚುತ್ತೀರಿ?"

ಅಂದಿನಿಂದ ವಾರಕ್ಕೊಮ್ಮೆ ಆ ಅಂಗಡಿಯಲ್ಲಿ ಅವರು ಚುಕ್ಕೆ ಇಡುವುದು, ನಾನು ಕೋಣ ತರುವುದು. ಅವರು ಒಂದು ಸೂತ್ರ ಹೇಳಿದರೆ ನಾನು ಪದ್ದಣ್ಣನ ಒಂದು ವ್ಯಾಪಾರ ಹೇಳುತ್ತಿದ್ದೆ. ಬಾಯಿ ಮಾತಿಗೆ ಖರ್ಚಿಲ್ಲ, ಹಾಗಾಗಿ ಅದನ್ನು ನಂಬಬೇಕಾಗಿಲ್ಲ. ಸುಳ್ಳಾದರೆ ಹೇಳಿದವನಿಗೇ ನಷ್ಟವಾಗುವ ಮಾತನ್ನು ಮಾತ್ರ ನಂಬು ಎಂಬುದು ಅವರ ಲೆಕ್ಕ. "ಕೋಣ ಕುಂಟುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ ಮೇಡಂ," ಎಂದೆ. "ಒಂದು ವಾರ ನಿಮ್ಮ ಹಟ್ಟಿಯಲ್ಲೇ ಇಟ್ಟುಕೊಂಡು ನೋಡಿ ಎಂದು ಹೇಳುವವನು ಕುಂಟದ ಕೋಣದವನು ಮಾತ್ರ." ಅವರು ಅದನ್ನು ಕಾಗದದಲ್ಲಿ ಬರೆದುಕೊಂಡು, "ಇದನ್ನು ಕ್ಲಾಸಿನಲ್ಲಿ ಹೇಳ್ತೇನೆ, ಅಡ್ಡಿ ಇಲ್ಲ ಅಲ್ವಾ?" ಎಂದರು. ಅಡ್ಡಿ ಎಂತದ್ದು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಆ ಲೆಕ್ಕದಿಂದ ನನಗೆ ಒಂದು ಅಭ್ಯಾಸ ಬಂತು. ಯಾರಾದರೂ ಸುದ್ದಿ ಕಳಿಸಿದರೆ, "ನಿಮ್ಮ ಹೆಸರು, ಊರು ಹಾಕಿ ಇದನ್ನೇ ಬರೆಯಲಾ?" ಎಂದು ಕೇಳುತ್ತಿದ್ದೆ. ಹೆಚ್ಚಿನವರು ಅಲ್ಲೇ ಹಿಂದೆ ಸರಿಯುತ್ತಿದ್ದರು. ಖರ್ಚಿಲ್ಲದ ಉಪಾಯ, ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ. ನಮ್ಮ ಫ್ಯಾಕ್ಟ್ ಚೆಕ್ ಅಂಕಣ ಬರುತ್ತಿದ್ದುದು ಶನಿವಾರ. ಸುಳ್ಳು ಹುಟ್ಟಿಸುವವರು ಅದನ್ನು ಗಮನಿಸಿದ್ದರೆಂದು ನಮಗೆ ಗೊತ್ತಾಗಲು ಬಹಳ ಕಾಲ ಬೇಕಾಯಿತು. ಶನಿವಾರ ಬೆಳಿಗ್ಗೆ ಪೇಪರ್ ಬಂದ ಮೇಲೆ ಅವರ ಸುಳ್ಳು ಹೊರಡುತ್ತಿತ್ತು. ಮುಂದಿನ ಶನಿವಾರದ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತಿತ್ತು. ರಾಜಕೀಯದ್ದನ್ನು ಮಾತ್ರ ನೋಡುತ್ತೇವೆಂದು ತಿಳಿದು ಔಷಧದ ಸುಳ್ಳು ಹೆಚ್ಚಿತು. ಕಾವಲುಗಾರ ಯಾವ ಹೊತ್ತಿಗೆ ಯಾವ ಬಾಗಿಲಿಗೆ ಬರುತ್ತಾನೆಂದು ಗೊತ್ತಾದರೆ ಕಳ್ಳನಿಗೆ ಉಳಿದ ಬಾಗಿಲುಗಳು ಇದ್ದೇ ಇವೆ ಎಂದರು ಐರಿನ್ ಮೇಡಂ. ಮದ್ದೇನೆಂದರೆ, ಏನನ್ನು ಯಾವ ದಿನ ನೋಡುತ್ತೇವೆಂದು ನಮಗೇ ಮೊದಲೇ ಗೊತ್ತಿರಬಾರದು. ತಮ್ಮ ಚರ್ಚಿನ ವಾರ್ಷಿಕೋತ್ಸವದಲ್ಲಿ ಹೌಸಿ ಹೌಸಿ ಆಡಿಸುವ ಅಂಕೆಗಳ ಚೀಲವನ್ನೇ ತಂದುಕೊಟ್ಟರು. ಒಂದೊಂದು ಬಗೆಯ ಸುದ್ದಿಗೆ ಕೆಲವು ಅಂಕೆ ಗೊತ್ತು ಮಾಡಿ, ದಿನಾ ಬೆಳಿಗ್ಗೆ ಕೈ ಹಾಕಿ ಎತ್ತುವುದು, ಯಾವುದರ ಅಂಕೆ ಬಂತೋ ಅದನ್ನು ಅವತ್ತೇ ನೋಡಿ ಹಾಕುವುದು. ಅಪಾಯದ ಸುದ್ದಿಗೆ ಹೆಚ್ಚು ಅಂಕೆ, ಹುಡುಗಾಟದ್ದಕ್ಕೆ ಕಡಿಮೆ.

ಸಂಪಾದಕರು ಬಾಗಿಲಲ್ಲಿ ನಿಂತು ನೋಡಿ, "ಎಂತ ಸದಾನಂದ, ಇವತ್ತು ಲೈನ್ ಯಾರಿಗೆ, ಫುಲ್ ಹೌಸ್ ಯಾರಿಗೆ?" ಎಂದು ಆ ಆಟದ ಬಹುಮಾನಗಳ ಹೆಸರು ಹೇಳಿ ಕೆಣಕಿ ಹೋದರು. ಆದರೆ ಚೀಲವನ್ನು ತೆಗೆಸಲಿಲ್ಲ. ಶನಿವಾರದ ಸುಳ್ಳುಗಳು ಚದುರಿಹೋದವು.

ಇಷ್ಟೆಲ್ಲ ಕಲಿತ ಮೇಲೆ ನಾನು ಮಾಡಿದ ತಪ್ಪೇ ವಸಂತನ ವ್ಯಾನಿನದ್ದು.

ವಸಂತ ಕಾಪುವಿನವನು. ಮಕ್ಕಳನ್ನು ಮಣಿಪಾಲದ ಕಡೆಯ ಶಾಲೆಗೆ ಕರೆದುಕೊಂಡು ಹೋಗುವ ವ್ಯಾನ್ ಓಡಿಸುತ್ತಿದ್ದ. ಹಾರ್ನ್ ಮೆತ್ತಗೆ ಒತ್ತುವವನು, ಮಕ್ಕಳ ಚೀಲವನ್ನು ಕೈಯಲ್ಲಿ ತೆಗೆದು ಕೊಡುವವನು. ನನ್ನ ತಂಗಿ ಸುಮತಿಯ ಮೊಮ್ಮಗಳೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದಳು. ಸುಮತಿಯ ಗಂಡ ಜಗನ್ನಾಥ, ನನ್ನ ಭಾವ, ಅಲ್ಲಿಯ ಭಜನಾ ಮಂಡಳಿಯ ಅಧ್ಯಕ್ಷ. ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಶನಿವಾರ ಭಾನುವಾರ ಬಂತೆಂದರೆ ನನ್ನ ಊಟ ಅವರ ಮನೆಯಲ್ಲೇ. ನನಗೆ ಮನೆ ಎಂದು ಇದ್ದದ್ದು ಅದೊಂದೇ. ಮಣಿಪಾಲದ ದಾರಿಯಲ್ಲಿ, ಕಡಿಯಾಳಿಯಲ್ಲಿ ನಾನು ಇದ್ದದ್ದು ಬಾಡಿಗೆಯ ಕೋಣೆ.

ಒಂದು ದಿನ ಮಕ್ಕಳ ಪೋಷಕರ ಗ್ರೂಪಿನಲ್ಲಿ ಒಂದು ಫೋಟೊ ಬಂತು. ಮಕ್ಕಳನ್ನು ಕದಿಯುವವನೆಂದು ಪೊಲೀಸರು ಹಿಡಿದುಕೊಂಡಿರುವ ಒಬ್ಬ ಮನುಷ್ಯ. ಕೆಳಗೆ ಒಂದು ಸಾಲು: "ನಮ್ಮ ವ್ಯಾನಿನವನ ಹಾಗೆ ಕಾಣ್ತದೆ, ಅಲ್ವಾ?" ಹಾಕಿದವರು ಅರ್ಧ ಗಂಟೆಯಲ್ಲಿ ಅದನ್ನು ಅಳಿಸಿದರು. ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು ಮಾತ್ರ ಉಳಿಯಿತು. ನೋಡಿದವರು ನೋಡದವರಿಗೆ ಹೇಳಿದರು. ಹೆದರಿ ಅಳಿಸಿದ್ದಾರೆ, ಹಾಗಾದರೆ ಏನೋ ಉಂಟು ಎಂದುಕೊಂಡರು. ಆ ವಾರದಲ್ಲೇ ವ್ಯಾನಿನ ಸೀಟುಗಳು ಖಾಲಿಯಾದವು.

ವಸಂತ ನನ್ನ ಕಚೇರಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸದಾಣ್ಣ, ಯಾರೂ ಎಂತದೂ ಹೇಳ್ಲಿಲ್ಲ ನನಗೆ. ಬೈದಿದ್ದರೆ ಉತ್ತರ ಕೊಡ್ಬಹುದಿತ್ತು. ನಾಳೆಯಿಂದ ಬೇಡ ವಸಂತ, ನಾವೇ ಬಿಡ್ತೇವೆ ಅಂತಾರೆ, ಅಷ್ಟೇ. ನಾನು ಮಗುವಿನ ಕೆನ್ನೆ ಮುಟ್ಟಿದರೆ ಈಗ ತಾಯಿ ನೋಡ್ತಾಳೆ."

ಫೋಟೊದ ಮೂಲ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯದು, ಬೇರೆ ರಾಜ್ಯದ್ದು, ಬೇರೆ ಮನುಷ್ಯನದ್ದು. ಮೊಸಳೆಯ ಪಾಠ ನೆನಪಿತ್ತು, ಪತ್ರಿಕೆಯಲ್ಲಿ ಹಾಕಲಿಲ್ಲ. ಪೋಷಕರ ಗ್ರೂಪಿನಲ್ಲಿ ಮಾತ್ರ ನಮ್ಮ ವಿಭಾಗದ ವರದಿ ಹಾಕಿಸಿದೆ. ಎಲ್ಲರೂ ಓದಿದರು, ನೀಲಿ ಗೆರೆಗಳು ಬಂದವು. ಒಬ್ಬರೂ ಒಂದು ಮಾತು ಬರೆಯಲಿಲ್ಲ. ಮಕ್ಕಳೂ ವ್ಯಾನಿಗೆ ಬರಲಿಲ್ಲ.

ಆಗ ನಾನು ಪದ್ದಣ್ಣನ ಶಿಷ್ಯನಾದೆ. ಮನೆಮನೆಗೆ ಹೋದೆ. ಒಬ್ಬೊಬ್ಬರನ್ನೇ ಜಗಲಿಯ ಬದಿಗೆ ಕರೆದು ಮೆತ್ತಗೆ ಮಾತಾಡಿದೆ. ಎಲ್ಲರೂ ಚಹಾ ಕೊಟ್ಟರು. ಎಲ್ಲರ ಉತ್ತರ ಒಂದೇ. ಬೀಡಿ ಕಟ್ಟುತ್ತಿದ್ದ ಗಿರಿಜಕ್ಕ ಎಲೆ ಕತ್ತರಿಸುತ್ತಲೇ ಹೇಳಿದಳು:

"ವಸಂತನ ಮೇಲೆ ನನಗೆ ಎಂತ ಸಂಶಯ ಇಲ್ಲ. ನನ್ನ ಮಗಳನ್ನು ನಾನೊಬ್ಬಳೇ ಕಳಿಸಿದರೆ ಬೇರೆಯವರು ಎಂತ ಹೇಳ್ತಾರೆ? ತಾಯಿಗೆ ಜವಾಬ್ದಾರಿ ಇಲ್ಲ ಅಂತ ಹೇಳ್ತಾರೆ. ಅವರೆಲ್ಲ ಅದನ್ನು ನಂಬಿದ್ದಾರಲ್ಲ."

"ಅವರು ನಂಬಿಲ್ಲ ಗಿರಿಜಕ್ಕ, ನಾನು ಕೇಳಿ ಬಂದೆ."

"ನಿಮ್ಮೆದುರು ಹಾಗೆ ಹೇಳ್ತಾರೆ. ನೀವು ವಸಂತನ ಕಡೆಯವರು ಅಂತ ಗೊತ್ತುಂಟಲ್ಲ."

ಎಲ್ಲ ಮನೆ ಮುಗಿಸಿ ಬಂದು, ಎಲ್ಲರನ್ನೂ ಒಪ್ಪಿಸಿದ್ದೇನೆ ಎಂದು ವಸಂತನಿಗೆ ಹೇಳಿದೆ. ಅವನು ವ್ಯಾನ್ ತೊಳೆದು ಸೋಮವಾರ ಸುತ್ತು ಹೊಡೆದ. ಒಂದು ಮಗುವೂ ಹತ್ತಲಿಲ್ಲ. ಸಂಜೆ ಫೋನ್ ಮಾಡಿದ. "ವ್ಯಾನ್ ಮಾರ್ತೇನೆ ಸದಾಣ್ಣ. ಒಳ್ಳೆ ಗಿರಾಕಿ ಇದ್ದರೆ ನೋಡಿ. ನೀವು ವ್ಯಾಪಾರ ಗೊತ್ತಿದ್ದವರು." ಅದನ್ನು ಅವನು ಕುಹಕದಿಂದ ಹೇಳಿದ್ದಲ್ಲ. ಹಾಗಾಗಿಯೇ ಹೆಚ್ಚು ತಾಗಿತು.

ಐರಿನ್ ಮೇಡಂ ಈ ಸಲ ಮನೆಗೊಂದರಂತೆ ಕಾಗದದಲ್ಲಿ ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದರು. ಇನ್ನೊಂದು ಮನೆಯವರ ಮನಸ್ಸಿನಲ್ಲಿ ಏನಿದೆಯೋ ಎಂಬ ಸಂಶಯಕ್ಕೆ ಒಂದೊಂದು ಗೆರೆ.

"ವಸಂತ ಒಳ್ಳೆಯವನು ಅಂತ ಈಗ ಎಲ್ಲರಿಗೂ ಗೊತ್ತುಂಟು. ಅದು ಮೊದಲ ಮೆಟ್ಟಿಲು. ಎಲ್ಲರಿಗೂ ಗೊತ್ತುಂಟು ಅಂತ ಗಿರಿಜಕ್ಕನಿಗೆ ಗೊತ್ತುಂಟಾ?"

"ಇಲ್ಲ."

"ಗಿರಿಜಕ್ಕನಿಗೆ ಗೊತ್ತುಂಟು ಅಂತ ಪಕ್ಕದ ಮನೆಯವರಿಗೆ?"

"ಇಲ್ಲ."

"ನಿಮಗೊಬ್ಬರಿಗೆ ಎಲ್ಲವೂ ಗೊತ್ತು. ನೀವು ಒಬ್ಬೊಬ್ಬರ ಕಿವಿಯಲ್ಲಿ ಹೇಳಿ ಬಂದಿರಿ. ಇನ್ನು ಇಡೀ ವರ್ಷ ಹಾಗೆ ಹೇಳುತ್ತಾ ತಿರುಗಿದರೂ ಈ ಗೆರೆಗಳು ಅಳಿಯುವುದಿಲ್ಲ. ಒಂದೇ ಸಲ, ಒಂದೇ ಜಾಗದಲ್ಲಿ, ಎಲ್ಲರೂ ಎಲ್ಲರ ಮುಖ ನೋಡುವ ಹಾಗೆ ಕೇಳಿಸಬೇಕು. ಫೋನಿನಲ್ಲಿ ಆಗುವುದಿಲ್ಲ. ಅಲ್ಲಿ ಮುಖ ಕಾಣುವುದಿಲ್ಲ, ಮೌನ ಮಾತ್ರ ಕಾಣುತ್ತದೆ."

ಟವೆಲ್ ತೆಗೆಯಬೇಕು ಎಂದು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಇಷ್ಟು ವರ್ಷ ನನಗೆ ಅನ್ನ ಕೊಟ್ಟ ವಿದ್ಯೆಯೇ ವಸಂತನ ಅನ್ನಕ್ಕೆ ಅಡ್ಡ ಬಂದಿತ್ತು.

ಜಾಗ ಇತ್ತು. ಆ ವ್ಯಾನಿನ ಮಕ್ಕಳ ಮನೆಯವರೆಲ್ಲ ವಾರದ ಭಜನೆಗೆ ಬರುವವರೇ. ಅಲ್ಲಿ ಒಂದು ರೂಢಿ ಉಂಟು. ಮಂಗಳ ಹಾಡಿದ ಮೇಲೆ, ಪಂಚಕಜ್ಜಾಯ ಹಂಚುವ ಮೊದಲು, ಅಧ್ಯಕ್ಷರು ಎದ್ದು ಊರಿನ ವಿಷಯ ಹೇಳುತ್ತಾರೆ. ಯಾರ ಮನೆಯ ಮದುವೆ, ಯಾರ ಸೇವೆ, ಯಾವ ದಿನ ಶ್ರಮದಾನ. ಪ್ರಸಾದ ಸಿಗುವವರೆಗೆ ಯಾರೂ ಏಳುವುದಿಲ್ಲ. ಅಲ್ಲಿ ಹೇಳಿದ್ದನ್ನು ಕೇಳಿಲ್ಲವೆಂದು ಯಾರೂ ಹೇಳುವಂತಿಲ್ಲ. ನನ್ನ ಭಾವ ಎದ್ದು ನಿಂತು ಒಂದು ವಾಕ್ಯ ಹೇಳಿದರೆ ಕೆಲಸ ಮುಗಿಯುತ್ತಿತ್ತು.

ತೊಡಕು ಇದ್ದದ್ದೂ ಅಲ್ಲೇ. ಆ ಫೋಟೊ ಹಾಕಿ ಅಳಿಸಿದವರು ಭಾವನೇ. ಅಳಿಸಿದ ಸಾಲಿನ ಮೇಲೆ ಉಳಿದಿದ್ದ ಅವರ ಹೆಸರನ್ನು ಗ್ರೂಪಿನಲ್ಲಿದ್ದವರೆಲ್ಲರೂ ಕಂಡಿದ್ದರು. ಅಧ್ಯಕ್ಷರ ಮರ್ಯಾದೆಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಭಾವನ ಜಗಲಿಯಲ್ಲಿ ಕೂತು ನನ್ನ ಜೀವಮಾನದ ವ್ಯಾಪಾರ ಶುರು ಮಾಡಿದೆ. ಸುಮತಿ ಒಳಗಿಂದ ಚಹಾ ತಂದಿಟ್ಟು ಬಾಗಿಲ ಹಿಂದೆ ನಿಂತಳು.

"ಭಾವ, ಆ ಫೋಟೊ ತಪ್ಪಿ ಹಾಕಿದೆ ಅಂತ ಹೇಳಿ."

"ನಾನು ಹೇಳಿದ್ದೆಂತ? ಕಾಣ್ತದೆ ಅಲ್ವಾ ಅಂತ ಕೇಳಿದ್ದು. ಕೇಳುವುದು ತಪ್ಪಾ?"

"ತಪ್ಪು ಅನ್ನುವುದು ಬೇಡ. ಆ ಫೋಟೊ ಬೇರೆಯವನದ್ದು ಅಂತ ಹೇಳಿ."

"ಈಗ ಹೇಳಿದರೆ ಮೊದಲು ಹಾಕಿದ್ದು ಯಾರು ಅಂತ ನೆನಪಾಗ್ತದೆ."

"ನೆನಪಾಗ್ಲಿಕ್ಕೆ ಯಾರಾದರೂ ಮರೆತಿದ್ದಾರಾ ಭಾವ?"

"ಮರೆತ ಹಾಗೆ ಇದ್ದಾರಲ್ಲ. ಅಷ್ಟು ಸಾಕು."

"ಫೋಟೊದ ಸುದ್ದಿಯೇ ಬೇಡ. ಸೋಮವಾರದಿಂದ ನಮ್ಮ ಮಗು ವಸಂತನ ವ್ಯಾನಿನಲ್ಲಿ ಹೋಗ್ತದೆ ಅಂತ ಒಂದು ಮಾತು."

ಭಾವ ಚಹಾದ ಲೋಟ ಕೆಳಗಿಟ್ಟರು. "ಬೇರೆಯವರು ಕಳಿಸಲಿ ಭಾವ. ನಾನೂ ಕಳಿಸ್ತೇನೆ. ವಸಂತನ ಮೇಲೆ ನನಗೆಂತ ಸಂಶಯ ಇಲ್ಲ."

ದರ ಇದಕ್ಕಿಂತ ಕೆಳಗೆ ಇಳಿಸಲು ಬರುತ್ತಿರಲಿಲ್ಲ. ಎಲ್ಲರಂತೆ ಅವರೂ ಇನ್ನೊಬ್ಬರಿಗಾಗಿ ಕಾಯುತ್ತಿದ್ದರು.

ಆ ವಾರದ ಭಜನೆಗೆ ಹೋದೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ವಸಂತ ಇದ್ದ. ಅವನ ಎರಡೂ ಬದಿಯಲ್ಲಿ ಚಾಪೆ ಖಾಲಿ. ಮಂಗಳ ಮುಗಿಯಿತು. ಭಾವ ಎದ್ದು ಒಂದು ಮದುವೆಯ ಕರೆ ಹೇಳಿದರು, ಮಂದಿರಕ್ಕೆ ಸುಣ್ಣ ಬಳಿಯುವ ದಿನ ಹೇಳಿದರು. ಆಮೇಲೆ ನನ್ನ ಮುಖ ನೋಡಿದರು, ನಾನೂ ನೋಡಿದೆ. "ಪ್ರಸಾದ ತನ್ನಿ," ಎಂದು ಅವರು ಕೂತರು.

ನಾನು ಎದ್ದೆ. ಎರಡೂ ಕಡೆಯವರಿಗೆ ಕಾಣುವ ಹಾಗೆ ನಡುವೆ ಹೋಗಿ ನಿಂತೆ.

"ವ್ಯಾನಿನ ಗ್ರೂಪಿಗೆ ಒಂದು ಫೋಟೊ ಬಂದಿತ್ತು. ಅದು ಬಂದದ್ದು ನಮ್ಮ ಮನೆಯಿಂದ. ಅದರಲ್ಲಿರುವುದು ವಸಂತ ಅಲ್ಲ, ಬೇರೆ ರಾಜ್ಯದ ಬೇರೆ ಮನುಷ್ಯ. ನಾನು ನಿಮ್ಮೆಲ್ಲರ ಮನೆಗೆ ಬಂದಿದ್ದೆ. ನೀವು ಎಂತ ಹೇಳಿದಿರಿ ಅಂತ ನಾನು ಹೇಳುವುದಿಲ್ಲ. ನನ್ನ ಹತ್ತಿರ ಹೇಳಿದ್ದನ್ನು ಇಲ್ಲಿ ಹೇಳ್ಲಿಕ್ಕೆ ಮನಸ್ಸಿದ್ದವರು ಹೇಳಿ."

ತಟ್ಟೆ ಹಿಡಿದವನು ಹಾಗೇ ನಿಂತ. ಹೆಂಗಸರ ಕಡೆಯಿಂದ ಗಿರಿಜಕ್ಕನ ದನಿ ಬಂತು. "ವಸಂತನ ಮೇಲೆ ಸಂಶಯ ಇಲ್ಲ ಅಂತ ನಾನು ಹೇಳಿದ್ದೆ. ಬೇರೆಯವರಿಗೆ ಹೆದರಿ ಮಗಳನ್ನು ಕಳಿಸ್ಲಿಲ್ಲ."

"ನಾನೂ ಅದನ್ನೇ ಹೇಳಿದ್ದು," ಎಂದರು ಇನ್ನೊಬ್ಬರು. "ನಾನು ಹೆದರಿದ್ದು ನಿಮಗೇ ಗಿರಿಜಕ್ಕ." ಯಾರೋ ನಕ್ಕರು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಕಾಗದದ ಮೇಲಿನ ಗೆರೆಗಳು ಅಳಿಸಿಹೋಗುವುದನ್ನು ಅವತ್ತು ನಾನು ಕಣ್ಣಲ್ಲಿ ಕಂಡೆ. ಪ್ರಸಾದದ ಹೊತ್ತಿಗೆ ವಸಂತನ ಎರಡೂ ಬದಿಯ ಚಾಪೆಯ ಮೇಲೆ ಜನ ಕೂತಿದ್ದರು. ಅವನು ಪಂಚಕಜ್ಜಾಯವನ್ನು ಕೈಯಲ್ಲಿ ಹಿಡಿದುಕೊಂಡು ತಿನ್ನುವುದನ್ನು ಮರೆತಿದ್ದ.

ಸೋಮವಾರ ವ್ಯಾನ್ ತುಂಬಿತು. ಎಲ್ಲರೂ ಕಳಿಸಿದ ಮೇಲೆ ಕಳಿಸದೆ ಉಳಿದರೆ ಎದ್ದು ಕಾಣುತ್ತದೆ. ಭಾವನ ಮೊಮ್ಮಗಳೂ ಹತ್ತಿದಳು.

ಭಾವನ ಹೆಸರನ್ನು ನಾನು ಹೇಳಿರಲಿಲ್ಲ, ನಮ್ಮ ಮನೆ ಎಂದಿದ್ದೆ. ಕಾಪುವಿನಲ್ಲಿ ನನಗೆ ಎಷ್ಟು ಮನೆ ಇದ್ದಾವು? ಅದು ಎಲ್ಲರಿಗೂ ಮೊದಲೇ ಗೊತ್ತಿದ್ದ ವಿಷಯ. ಆದರೆ ಅವತ್ತಿನಿಂದ, ಎಲ್ಲರಿಗೂ ಗೊತ್ತೆಂಬುದು ಭಾವನಿಗೂ ಗೊತ್ತಾಯಿತು, ಅವರಿಗೆ ಗೊತ್ತಾದದ್ದು ಊರಿಗೂ ಗೊತ್ತಾಯಿತು. ವಸಂತನನ್ನು ಉಳಿಸಿದ ಲೆಕ್ಕವೇ ಭಾವನನ್ನು ಬೀಳಿಸಿತು. ಮುಂದಿನ ವರ್ಷ ಮಂಡಳಿಗೆ ಬೇರೆ ಅಧ್ಯಕ್ಷರು ಬಂದರು. ನಾನು ಎದ್ದು ಮಾತಾಡಿದ ದಿನ ಮಂದಿರದ ಮೆಟ್ಟಿಲಿನಲ್ಲಿ ಚಪ್ಪಲಿ ಹುಡುಕುವಾಗ ಸುಮತಿ ನನ್ನ ಹತ್ತಿರ ಬಂದು ಹೇಳಿದ್ದು ಒಂದೇ ಮಾತು:

"ಅಣ್ಣ, ನಿನಗೆ ಸತ್ಯ ಹೇಳ್ಲಿಕ್ಕೆ ನಮ್ಮ ಮನೆಯೇ ಬೇಕಿತ್ತಾ?"

ಆ ಭಾನುವಾರ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಆಮೇಲಿನ ಯಾವ ಭಾನುವಾರವೂ ಇಲ್ಲ. ಕುಟುಂಬದ ಹೊಸ ಗ್ರೂಪು ಹುಟ್ಟಿದ್ದು ಆಗಲೇ.

ಹಾಗೆ ಮಾಡಬಾರದಿತ್ತು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಇವತ್ತಾದರೂ ಎದ್ದು ನಿಲ್ಲುತ್ತೇನೆ. ನಿಮಗೆ ಹೇಳುವುದಿಷ್ಟೇ. ಎಲ್ಲರೆದುರು ಹೇಳುವ ಮೊದಲು, ಆ ಮಾತಿನಿಂದ ಯಾರ ಮುಖ ಬಾಡುತ್ತದೆ ಎಂದು ನೋಡಿಕೊಂಡು ಹೇಳಿ. ಬಾಡುವ ಮುಖ ನಿಮಗೆ ಅನ್ನ ಬಡಿಸುವವರದ್ದಾಗಿದ್ದರೆ, ಆ ಅನ್ನ ಬಿಡಲು ತಯಾರಾಗಿ ಹೇಳಿ. ಎರಡನ್ನೂ ಉಳಿಸುವ ದರ ಕುದುರಿಸಬಹುದೆಂದು ನಾನು ನಂಬಿದ್ದೆ. ಕುದುರಲಿಲ್ಲ.

ಐರಿನ್ ಮೇಡಂ ಬೇರೆ ಊರಿನ ಕಾಲೇಜಿಗೆ ಹೋದರು. ನಾನು ನಿವೃತ್ತನಾದೆ. ಚಹಾದ ಅಂಗಡಿಗೆ ಈಗಲೂ ಹೋಗುತ್ತೇನೆ. ನಾನು ಕೂತರೆ ಪಕ್ಕದ ಮೇಜಿನ ಮಾತು ಸಣ್ಣದಾಗುತ್ತದೆ. ಮದುವೆ ಮನೆಗಳಲ್ಲಿ, "ಸದಾನಂದಣ್ಣ ಇದ್ದಾರೆ, ನೋಡಿ ಮಾತಾಡಿ ಮಾರಾಯ್ರೆ," ಎಂದು ನಗುತ್ತಾರೆ. ನಕ್ಕ ಮೇಲೆ ನಿಜವಾಗಿಯೂ ಮಾತಾಡುವುದಿಲ್ಲ.

ಒಂದು ದಿನ ಸುಮತಿಯ ನಂಬರಿನಿಂದ ಸಂದೇಶ ಬಂತು. ಯಾವುದೋ ಎಲೆಯ ರಸ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ಚಿತ್ರ. ಕೆಳಗೆ: "ಅಣ್ಣ, ಇದು ಹೌದಾ? ನಾನು ಕೇಳಿದ್ದು ಅವರಿಗೆ ಗೊತ್ತಾಗುವುದು ಬೇಡ." ಸುಳ್ಳು, ಮಾತ್ರೆ ಬಿಡಬೇಡ ಎಂದು ಬರೆದೆ. ಆಯಿತು, ಹೇಳುವುದಿಲ್ಲ ಎಂದೂ ಬರೆದೆ. ಸಂಜೆ ಭಾವನಿಂದ ಅದೇ ಚಿತ್ರ. "ಭಾವ, ಇದು ನಿಜವಾ? ಮನೆಯಲ್ಲಿ ಹೇಳ್ಬೇಡಿ." ಅವರಿಗೂ ಅದೇ ಉತ್ತರ, ಅದೇ ಮಾತು ಕೊಟ್ಟೆ.

ಅಲ್ಲಿಂದ ಅದೇ ನಡೆದುಕೊಂಡು ಬಂದಿದೆ. ಒಂದೇ ಮನೆಯ ಒಂದೇ ಸೂರಿನಡಿಯಿಂದ ಇಬ್ಬರೂ ನನ್ನನ್ನು ಕೇಳುತ್ತಾರೆ, ಒಬ್ಬರು ಕೇಳುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾನು ಫೋನಿನಲ್ಲಿ ಐರಿನ್ ಮೇಡಂಗೆ ಹೇಳಿದೆ.

"ಇಬ್ಬರನ್ನೂ ಒಂದೇ ಗ್ರೂಪಿಗೆ ಹಾಕಿ ಉತ್ತರ ಕೊಡಿ ಸದಾನಂದರೇ. ಒಂದೇ ಸಾಲಿನಲ್ಲಿ ಮುಗಿಯುತ್ತದೆ."

"ಮಾತು ಕೊಟ್ಟಿದ್ದೇನೆ ಮೇಡಂ. ಇಬ್ಬರಿಗೂ."

"ಮಾತು ಮುರಿಯುವುದಕ್ಕೂ ನಮ್ಮ ಲೆಕ್ಕದಲ್ಲಿ ಜಾಗ ಉಂಟು. ಅದಕ್ಕೊಂದು ಬೆಲೆ ಹಾಕುತ್ತೇವೆ."

"ಎಷ್ಟು ಹಾಕುತ್ತೀರಿ?"

"ಅದನ್ನು ನೀವೇ ಹೇಳಬೇಕು."

ಎಲ್ಲದಕ್ಕೂ ದರ ಹೇಳಿದವನಿಗೆ ಅದೊಂದಕ್ಕೆ ಹೇಳಲು ಬರಲಿಲ್ಲ. ಒಮ್ಮೆ ಅವರ ಮನೆಯ ಸತ್ಯವನ್ನು ಎಲ್ಲರೆದುರು ಇಟ್ಟವನು ನಾನು. ಎರಡನೆಯ ಸಲ ಇಡಲಾರೆ.

ವಸಂತನ ವ್ಯಾನ್ ದಿನಾ ಬೆಳಿಗ್ಗೆ ಕಡಿಯಾಳಿಯಲ್ಲಿ ನನ್ನ ಗೇಟಿನ ಎದುರು ಹೋಗುತ್ತದೆ. ಅವನು ಮೆತ್ತಗೆ ಹಾರ್ನ್ ಒತ್ತುತ್ತಾನೆ. ಕಿಟಕಿಯ ಬದಿಯಲ್ಲಿ ಕೂತ ಸುಮತಿಯ ಮೊಮ್ಮಗಳು ಕೈ ಬೀಸುತ್ತಾಳೆ, ನಾನೂ ಬೀಸುತ್ತೇನೆ. ಮೊನ್ನೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ವಸಂತ ನಿಲ್ಲಿಸಿದ.

"ಸದಾಣ್ಣ, ಆ ಮಗು ಮನೆಗೆ ಹೋಗಿ ದಿನಾ ಹೇಳ್ತಾಳಂತೆ, ಕಡಿಯಾಳಿ ಅಜ್ಜನಿಗೆ ಟಾಟಾ ಮಾಡಿದೆ ಅಂತ."

"ಯಾರ ಹತ್ತಿರ ಹೇಳ್ತಾಳೆ?"

"ಅಜ್ಜ ಅಜ್ಜಿಯ ಹತ್ತಿರ."

"ಬೇರೆ ಬೇರೆಯಾಗಿಯಾ, ಇಬ್ಬರೂ ಒಟ್ಟಿಗೆ ಇರುವಾಗಲಾ?"

ವಸಂತ ನನ್ನ ಮುಖ ನೋಡಿದ. ಇದೆಂತ ಪ್ರಶ್ನೆ ಎಂದುಕೊಂಡಿರಬೇಕು. "ಒಟ್ಟಿಗೆ ಅಂತ ಕಾಣ್ತದೆ. ಊಟಕ್ಕೆ ಕೂತಲ್ಲಿ ಹೇಳುವುದಂತೆ. ಇಬ್ಬರೂ ಕೇಳ್ತಾರಂತೆ. ಎಂತದೂ ಮಾತಾಡುವುದಿಲ್ಲಂತೆ."

"ಬೇಡ ಅಂತ ಹೇಳ್ತಾರಾ?"

"ಇಲ್ಲ. ಹಾಗೆ ಹೇಳುವುದಿಲ್ಲಂತೆ."

ಅವನು ವ್ಯಾನ್ ಬಿಟ್ಟುಕೊಂಡು ಹೋದ. ಆ ಮನೆಯಲ್ಲಿ ಇಬ್ಬರ ಎದುರೂ ಒಟ್ಟಿಗೆ ಬರುವ ನನ್ನ ಸುದ್ದಿ ಅದೊಂದೇ. ಮರುದಿನದಿಂದ ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ವ್ಯಾನ್ ಬರುವುದಕ್ಕೆ ಸಾಕಷ್ಟು ಮೊದಲೇ ಗೇಟಿನ ಹೊರಗೆ, ರಸ್ತೆಯಿಂದ ಚೆನ್ನಾಗಿ ಕಾಣುವ ಜಾಗದಲ್ಲಿ ನಿಲ್ಲುತ್ತೇನೆ.